ಮನೆಯಲ್ಲಿ ಬಿಪಿ ನೋಡುವ ಸರಿಯಾದ ಕ್ರಮ, ಆ ಅಂಕಿಯಿಂದ ಹೃದಯದ ಅಪಾಯ ತಿಳಿಯುವ ಬಗೆ

ಹೃದಯಾಘಾತದ ಸುದ್ದಿ ಜೋರಾದಾಗಲೆಲ್ಲ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ಉದ್ದವಾಗುತ್ತದೆ. 2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಹೀಗಾಯಿತು. 2025ರ ಜೂನ್‌, ಜುಲೈನಲ್ಲಿ ಹಾಸನದಿಂದ ಒಂದರ ಹಿಂದೊಂದು ಸಾವಿನ ಸುದ್ದಿ ಬಂದಾಗ ಮತ್ತೆ ಹೀಗೇ ಆಯಿತು. ಬೆಳಿಗ್ಗೆಯೇ ಬಂದು ನಿಂತು, ಒಂದು ಇಸಿಜಿ ಮಾಡಿಸಿ, 'ನಾರ್ಮಲ್' ಅನ್ನಿಸಿಕೊಂಡು ಸಮಾಧಾನದಿಂದ ಮನೆಗೆ ಹೋದವರು ಬಹಳ. ಆದರೆ ಎದೆನೋವಿಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ ಆ ಹೊತ್ತಿನ ಹೃದಯದ ವಿದ್ಯುತ್ ಚಲನೆಯನ್ನಷ್ಟೇ ತೋರಿಸುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ವರ್ಷಗಳಿಂದ ಕಟ್ಟಿಕೊಳ್ಳುತ್ತಿರುವ ಕೊಬ್ಬು ಅದರಲ್ಲಿ ಕಾಣದೇ ಹೋಗಬಹುದು. ಮುಂದಿನ ಹತ್ತು ವರ್ಷದಲ್ಲಿ ಏನಾದೀತು ಎಂಬುದನ್ನು ಹೇಳುವುದು ವಯಸ್ಸು, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ತಂಬಾಕು, ಹೆತ್ತವರ ಮತ್ತು ಒಡಹುಟ್ಟಿದವರ ಹೃದಯದ ಚರಿತ್ರೆ. ಇವುಗಳಲ್ಲಿ ಬಿಪಿಯನ್ನು ನೀವೇ ಮನೆಯಲ್ಲಿ ಅಳೆದುಕೊಳ್ಳಬಹುದು. ಜನ ಅತಿ ಹೆಚ್ಚು ತಪ್ಪಾಗಿ ಅಳೆಯುವುದೂ ಅದನ್ನೇ.

ಒಂದು ಸಲ ನೋಡಿದ ಬಿಪಿಯಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಏಳು ದಿನ ಕ್ರಮವಾಗಿ ನೋಡಿ ತೆಗೆದ ಸರಾಸರಿಗೆ ಬೆಲೆಯಿದೆ. ಆ ಸರಾಸರಿ ಕೈಗೆ ಬರುವ ದಾರಿ ಇಲ್ಲಿದೆ.

ಮಷೀನು ಮತ್ತು ಕಫ್

ತೋಳಿಗೆ ಕಟ್ಟುವ ಆಟೋಮ್ಯಾಟಿಕ್ ಮಷೀನನ್ನೇ ಕೊಳ್ಳಿ. ಮಣಿಕಟ್ಟಿಗೆ ಕಟ್ಟುವುದು ಚಿಕ್ಕದು, ಬ್ಯಾಗಿನಲ್ಲಿ ಹಿಡಿಸುತ್ತದೆ, ನಿಜ. ಆದರೆ ಕೈ ಎದೆಯ ಮಟ್ಟದಿಂದ ಸ್ವಲ್ಪ ಕೆಳಗಿಳಿದರೂ ಅದರಲ್ಲಿ ಅಂಕಿ ಏರುತ್ತದೆ. ತೋಳು ಬಹಳ ದಪ್ಪವಿದ್ದು ಸುತ್ತುವ ಪಟ್ಟಿ, ಅಂದರೆ ಕಫ್, ಯಾವುದೂ ಕೂರದವರಿಗೆ ಮಾತ್ರ ಅದು ಕೊನೆಯ ದಾರಿ. ಸ್ಮಾರ್ಟ್‌ವಾಚು, ಉಂಗುರ, ಫೋನ್ ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಬಿಪಿ ಹೇಳುವ ಆ್ಯಪ್, ಇವನ್ನು ನಂಬಿ ಮಾತ್ರೆಯ ವಿಚಾರ ತೀರ್ಮಾನಿಸುವಂತಿಲ್ಲ.

ತೋಳಿನ ಮಷೀನು ಬೆಂಗಳೂರಿನ ಮೆಡಿಕಲ್ ಶಾಪುಗಳಲ್ಲಿ ಸುಮಾರು 1,500ರಿಂದ 3,500 ರೂಪಾಯಿಗೆ ಸಿಗುತ್ತದೆ. ಬ್ಲೂಟೂತು, ಮಾತಾಡುವ ದನಿ, ಬಣ್ಣದ ಪರದೆ ಇವಕ್ಕೆ ಹೆಚ್ಚಿಗೆ ಕೊಡಬೇಕಿಲ್ಲ. ನೋಡಬೇಕಾದ್ದು ಎರಡೇ. ಒಂದು, ಆ ಮಾಡೆಲ್ ಪರೀಕ್ಷೆಗೊಳಗಾಗಿ ಪಾಸಾಗಿದೆಯೇ ಎಂಬುದು. 'ಸ್ಟ್ರೈಡ್ ಬಿಪಿ' ಎಂಬ ಅಂತರರಾಷ್ಟ್ರೀಯ ಪಟ್ಟಿ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಬ್ರ್ಯಾಂಡಿನ ಹೆಸರು ನೋಡಿ ಸುಮ್ಮನಾಗದೆ ಡಬ್ಬದ ಮೇಲಿರುವ ಮಾಡೆಲ್ ನಂಬರನ್ನೇ ಅಲ್ಲಿ ಹುಡುಕಿ. ಒಂದೇ ಕಂಪನಿಯ ಒಂದು ಮಾಡೆಲ್ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು. ಎರಡು, ಕಫ್ಫಿನ ಅಳತೆ.

ಅಂಗಡಿಯವರು ಇದರ ಬಗ್ಗೆ ಕೇಳುವುದೇ ಇಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಮನೆಯಲ್ಲಿರುವ ಟೈಲರ್ ಟೇಪು ತೆಗೆದುಕೊಳ್ಳಿ. ಭುಜದ ತುದಿಯ ಮೂಳೆಗೂ ಮೊಣಕೈ ಮೂಳೆಗೂ ನಡುವಿನ ಜಾಗ ಗುರುತಿಸಿ ಅಲ್ಲಿ ತೋಳಿನ ಸುತ್ತಳತೆ ನೋಡಿ. ಮಷೀನಿನ ಜೊತೆ ಬರುವ ಮಾಮೂಲಿ ಕಫ್ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ. ಅದಕ್ಕಿಂತ ದಪ್ಪವಿದ್ದರೆ 22–42 ಸೆಂ.ಮೀ. ಎಂದು ಬರೆದಿರುವ ಅಗಲ ಶ್ರೇಣಿಯದ್ದನ್ನೋ ದೊಡ್ಡದನ್ನೋ ಕೇಳಿ ಪಡೆಯಿರಿ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ರಕ್ತನಾಳವನ್ನು ಒತ್ತಲು ಹೆಚ್ಚು ಗಾಳಿ ಬೇಕಾಗುತ್ತದೆ, ಇಲ್ಲದ ಬಿಪಿ ಇದ್ದಂತೆ ತೋರುತ್ತದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅತಿ ದೊಡ್ಡ ಕಫ್ ಬೇಕಾಗಿದ್ದವರಿಗೆ ಮಾಮೂಲಿ ಕಫ್ ಕಟ್ಟಿದಾಗ ಮೇಲಿನ ಅಂಕಿ (120/80ರಲ್ಲಿ 120) ಸರಾಸರಿ 19ಕ್ಕೂ ಹೆಚ್ಚು ಏರಿ ತೋರಿಸಿತ್ತು. ಮಾತ್ರೆಯೇ ಬೇಡದವರನ್ನು ರೋಗಿ ಮಾಡಲು ಇಷ್ಟು ಸಾಕು. ಸಣಕಲು ತೋಳಿಗೆ ದೊಡ್ಡ ಕಫ್ ಕಟ್ಟಿದರೆ ಇದರ ಉಲ್ಟಾ: ನಿಜಕ್ಕಿಂತ ಕಡಿಮೆ ತೋರಿಸಿ ಕಾಯಿಲೆ ಮುಚ್ಚಿಹೋಗುತ್ತದೆ. ತೆಳ್ಳಗಿರುವ ಅಜ್ಜಿಗೂ ದಪ್ಪಗಿರುವ ಮಗನಿಗೂ ಒಂದೇ ಕಫ್ ಸರಿಹೋಗುತ್ತದೆ ಎಂದುಕೊಳ್ಳಬೇಡಿ.

ಮನೆಯವರೆಲ್ಲ ಒಂದೇ ಮಷೀನು ಬಳಸಿದರೆ ಅದರ ಮೆಮೊರಿಯಲ್ಲಿ ಎಲ್ಲರ ಅಂಕಿಯೂ ಕಲಸಿಹೋಗುತ್ತದೆ. ಇಬ್ಬರು ಬಳಕೆದಾರರ ಬಟನ್ ಇರುವ ಮಾಡೆಲ್ ಆದರೆ ಒಳ್ಳೆಯದು. ಇಲ್ಲದಿದ್ದರೆ ಮೆಮೊರಿ ಮರೆತು, ನೋಡಿದ ಕೂಡಲೇ ಪುಸ್ತಕದಲ್ಲಿ ಬರೆದುಕೊಳ್ಳಿ.

ಕೂರುವ ಕ್ರಮ

ಅರ್ಧ ಗಂಟೆ ಮುಂಚೆಯಿಂದ ಕಾಫಿ, ಟೀ, ಸಿಗರೇಟು, ಹೊಗೆಸೊಪ್ಪು, ವಾಕಿಂಗು ಯಾವುದೂ ಬೇಡ. ಬೆಳಗಿನ ಫಿಲ್ಟರ್ ಕಾಫಿ ಬಿಪಿ ನೋಡಿದ ಮೇಲೆ. ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕಿ ಬಂದು ಬೆವರು ಆರುವ ಮುಂಚೆ ಕಟ್ಟಿಕೊಂಡರೆ ಬರುವುದು ನಡಿಗೆಯ ಅಂಕಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡು ಮನೆಗೆ ಬಂದವರೂ ಅಷ್ಟೇ, ಕೈಕಾಲು ತೊಳೆದು ಅರ್ಧ ಗಂಟೆ ಬಿಡಬೇಕು. ಮೂತ್ರಕ್ಕೆ ಹೋಗಿಬಂದು ಕೂರಿ. ತುಂಬಿದ ಮೂತ್ರಕೋಶ ಒಂದೇ 10ರಷ್ಟು ಏರಿಸಬಲ್ಲದು.

ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು. ಊಟದ ಟೇಬಲ್ ಪಕ್ಕದ ಕುರ್ಚಿ ಸರಿ. ದಿವಾನದ ತುದಿಯಲ್ಲಿ, ಮಂಚದ ಮೇಲೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡುವುದು ಬೇಡ. ಪಾದ ಎರಡೂ ನೆಲಕ್ಕೆ ಊರಿರಲಿ. ಕುಳ್ಳಗಿರುವ ಹಿರಿಯರ ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೆ ಮಣೆ ಇಡಿ. ಕಾಲ ಮೇಲೆ ಕಾಲು ಹಾಕಿದರೆ 2ರಿಂದ 8ರವರೆಗೆ ಏರಿಕೆ.

ತೋಳು ಬರಿದಾಗಿರಬೇಕು. ಇಲ್ಲಿ ಹೆಂಗಸರಿಗೆ ಒಂದು ತೊಡಕಿದೆ: ಬಿಗಿಯಾದ ರವಿಕೆಯ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಕಫ್ ಕಟ್ಟುತ್ತಾರೆ. ಆ ಸುರುಳಿಯೇ ಹಗ್ಗದ ಹಾಗೆ ತೋಳನ್ನು ಬಿಗಿದು ಕೆಳಗಿನ ರಕ್ತಸಂಚಾರ ಕೆಡಿಸುತ್ತದೆ. ನೈಟಿಯಂಥ ಸಡಿಲ ಬಟ್ಟೆ ಹಾಕಿಕೊಂಡು ನೋಡಿ. ಗಂಡಸರ ಫುಲ್ ಶರ್ಟಿಗೂ ಇದೇ ಮಾತು. ತೋಳು ಮಡಚುವ ಬದಲು ಆ ಕಡೆಯ ತೋಳನ್ನು ಕಳಚಿ. ಸ್ವೆಟರ್ ಮೇಲೆ ಕಟ್ಟಿದ ಕಫ್ ಹೇಳುವ ಅಂಕಿಯನ್ನು ಬರೆದುಕೊಳ್ಳುವುದೇ ಬೇಡ.

ಕಫ್ಫಿನ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಟ್ಯೂಬು ತೋಳಿನ ಒಳಭಾಗದಿಂದ ನಡುಬೆರಳಿನ ನೇರಕ್ಕೆ ಇಳಿಯಲಿ, ಏಕೆಂದರೆ ರಕ್ತನಾಳ ಆ ಕಡೆಗಿದೆ. ಕಟ್ಟಿದ ಮೇಲೆ ಅಂಚಿನೊಳಗೆ ಎರಡು ಬೆರಳು ನುಸುಳಬೇಕು, ಮೂರನೆಯದು ನುಸುಳಬಾರದು. ಅಂಗೈ ಮೇಲೆ ಮಾಡಿ ಕೈಯನ್ನು ಟೇಬಲ್ಲಿನ ಮೇಲೆ ಸಡಿಲವಾಗಿ ಇಡಿ. ಕಫ್ಫಿನ ನಡುಭಾಗ ಎದೆಯ ನಡುಮಟ್ಟಕ್ಕೆ ಬರಬೇಕು. ಟೇಬಲ್ ತಗ್ಗಾಗಿದ್ದರೆ ಮೊಣಕೈ ಕೆಳಗೆ ದಿಂಬೋ ಮಡಚಿದ ಟವೆಲ್ಲೋ ಇಡಿ.

ಈ ಮಟ್ಟದ ವಿಷಯವನ್ನು ಉದಾಸೀನ ಮಾಡಬೇಡಿ. ತೋಳು ಹೃದಯಕ್ಕಿಂತ ಕೆಳಗಿದ್ದಷ್ಟೂ ನಡುವಿನ ರಕ್ತದ ಭಾರ ಅಳತೆಗೆ ಸೇರಿಕೊಳ್ಳುತ್ತದೆ: 10 ಸೆಂ.ಮೀ. ಕೆಳಗಿದ್ದರೆ 7ರಿಂದ 8ರಷ್ಟು ಹೆಚ್ಚು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಯನ್ನು ತೊಡೆಯ ಮೇಲೆ ಇಟ್ಟವರಲ್ಲಿ ಮೇಲಿನ ಅಂಕಿ ಸರಾಸರಿ 4ರಷ್ಟು, ಪಕ್ಕಕ್ಕೆ ಇಳಿಬಿಟ್ಟವರಲ್ಲಿ 6.5ರಷ್ಟು ಹೆಚ್ಚು ಬಂತು. ಕ್ಲಿನಿಕ್ಕಿನ ಗಡಿಬಿಡಿಯಲ್ಲಿ ತೊಡೆಯ ಮೇಲೆ ಕೈ ಇಟ್ಟೇ ನೋಡುವುದುಂಟು. ಅಲ್ಲಿಯೂ ನೀವು ಕೇಳಿ, ಕೈಗೆ ಆಸರೆ ಪಡೆಯಬಹುದು. ಅದರಲ್ಲಿ ಸಂಕೋಚವೇನಿಲ್ಲ.

ಹೀಗೆ ಕೂತು ಐದು ನಿಮಿಷ ಸುಮ್ಮನಿರಿ. ಟಿವಿ ಆಫ್, ಫೋನು ಬೇರೆ ಕೋಣೆಯಲ್ಲಿ. ಮಷೀನು ಓಡುವಾಗ ಮಾತು ಬೇಡ, ಪಕ್ಕದವರು ಕೇಳಿದ ಪ್ರಶ್ನೆಗೆ ಉತ್ತರವೂ ಬೇಡ. ಗಾಳಿ ಇಳಿಯುವಾಗ ರಕ್ತನಾಳದ ಮಿಡಿತ ಕಫ್ಫಿನಲ್ಲಿ ಎಬ್ಬಿಸುವ ಸಣ್ಣ ಕಂಪನಗಳನ್ನು ಹಿಡಿದು ಈ ಮಷೀನು ಬಿಪಿಯ ಲೆಕ್ಕ ಹಾಕುತ್ತದೆ. ಕೈ ಅಲುಗಿದರೆ ಆ ಕಂಪನವೂ ಲೆಕ್ಕಕ್ಕೆ ಸೇರುತ್ತದೆ, ಮಾತಾಡಿದರೆ ಬಿಪಿಯೇ 10ರ ಆಸುಪಾಸು ಏರುತ್ತದೆ.

ಏಳು ದಿನ

ಮೊದಲ ದಿನ ಎರಡೂ ತೋಳಿನಲ್ಲಿ ನೋಡಿ. ಸಣ್ಣ ವ್ಯತ್ಯಾಸ ಎಲ್ಲರಲ್ಲೂ ಇರುತ್ತದೆ. ಹೆಚ್ಚು ತೋರಿಸಿದ ತೋಳನ್ನೇ ಮುಂದೆ ಸದಾ ಬಳಸಿ. ಮೇಲಿನ ಅಂಕಿಯಲ್ಲಿ ವ್ಯತ್ಯಾಸ 10ಕ್ಕಿಂತ ಹೆಚ್ಚಿದ್ದು, ಮತ್ತೆ ನೋಡಿದಾಗಲೂ ಹಾಗೇ ಬಂದರೆ ಡಾಕ್ಟರಿಗೆ ತಿಳಿಸಿ. ತೋಳಿಗೆ ಹೋಗುವ ರಕ್ತನಾಳ ಕಿರಿದಾಗಿರುವ ಸೂಚನೆ ಇರಬಹುದು. ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿಸಿದ ಕೈಗೆ ಕಫ್ ಕಟ್ಟುವಂತೆಯೇ ಇಲ್ಲ. ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿ ತೆಗೆಸಿಕೊಂಡವರು ಆ ಪಕ್ಕದ ತೋಳು ಬಿಡಿ.

ಆಮೇಲೆ ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಬೆಳಿಗ್ಗೆ ಎಂದರೆ ಎದ್ದು ಒಂದು ಗಂಟೆಯೊಳಗೆ, ಮೂತ್ರಕ್ಕೆ ಹೋಗಿಬಂದ ಮೇಲೆ, ಬಿಪಿ ಮಾತ್ರೆಗೂ ತಿಂಡಿಗೂ ಮುಂಚೆ. ಸಂಜೆ ಎಂದರೆ ರಾತ್ರಿ ಊಟಕ್ಕೆ ಮುಂಚೆ. ಒಂದು ಅಳತೆ ಆದ ಮೇಲೆ ಒಂದು ನಿಮಿಷ ಬಿಟ್ಟು ಇನ್ನೊಂದು. ಬಂದದ್ದನ್ನು ಬಂದ ಹಾಗೆ ಬರೆಯಿರಿ. '148 ಜಾಸ್ತಿಯಾಯಿತು' ಎಂದು ಮತ್ತೆ ಮತ್ತೆ ಒತ್ತಿ, ಕಡಿಮೆ ಬಂದದ್ದನ್ನು ಮಾತ್ರ ಬರೆದಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. 143 ಬಂದದ್ದನ್ನು 140 ಎಂದು ಬರೆಯುವ ಅಭ್ಯಾಸವೂ ಬೇಡ. ಮಾತ್ರೆ ಮರೆತ ದಿನ, ನಿದ್ದೆಗೆಟ್ಟ ರಾತ್ರಿ, ಜ್ವರ, ಮದುವೆಮನೆ ಊಟ ಇದ್ದರೆ ಪಕ್ಕದಲ್ಲೇ ಒಂದು ಮಾತು ಬರೆದಿಡಿ.

ಈ ಏಳರಲ್ಲಿ ಮೊದಲ ದಿನದ ಅಂಕಿಗಳನ್ನು ಲೆಕ್ಕದಿಂದ ಬಿಟ್ಟುಬಿಡಿ. ಹೊಸ ಮಷೀನಿನ ಆತಂಕಕ್ಕೆ ಅಂದು ಬಿಪಿ ಏರಿರುತ್ತದೆ. ಉಳಿದ ಆರು ದಿನದ 24 ಅಂಕಿಗಳ ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಸರಾಸರಿ ತೆಗೆಯಿರಿ. ಒಂದು ದಿನದ ಮಾದರಿ ನೋಡಿ: ಬೆಳಿಗ್ಗೆ 148/88, 141/86, ಸಂಜೆ 138/84, 135/82. ಮೇಲಿನವು ಕೂಡಿದರೆ 562, ನಾಲ್ಕರಿಂದ ಭಾಗಿಸಿದರೆ 140.5. ಕೆಳಗಿನವು ಕೂಡಿದರೆ 340, ಭಾಗಿಸಿದರೆ 85. ಇದರಲ್ಲಿ 148 ಒಂದನ್ನೇ ನೋಡಿದವರು ಗಾಬರಿಯಾಗುತ್ತಾರೆ, 135 ಒಂದನ್ನೇ ನೋಡಿದವರು ನಿಶ್ಚಿಂತರಾಗುತ್ತಾರೆ. ಇಬ್ಬರ ತೀರ್ಮಾನವೂ ತಪ್ಪು.

ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. ಎರಡರಲ್ಲಿ ಒಂದು ಅಂಕಿ ಗಡಿ ದಾಟಿದರೂ ಸಾಕು. ಕ್ಲಿನಿಕ್ಕಿನ ಗಡಿ 140/90; ಮನೆಯಲ್ಲಿ ಬಿಪಿ ಸಾಮಾನ್ಯವಾಗಿ ತುಸು ಕಡಿಮೆ ಇರುವುದರಿಂದ ಗಡಿಯೂ ಕಡಿಮೆ. 120–134 ಮತ್ತು 70–84ರ ನಡುವೆ ಇದ್ದರೆ ಏರುಮುಖ: ಉಪ್ಪು, ತೂಕ, ನಡಿಗೆ ಇವುಗಳ ಕಡೆ ಈಗಲೇ ಗಮನ ಕೊಟ್ಟು ಆರು ತಿಂಗಳಿಗೊಮ್ಮೆ ಮತ್ತೊಂದು ವಾರ ನೋಡಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವ ಬಹುತೇಕರಿಗೆ 130/80ಕ್ಕಿಂತ ಕೆಳಗೆ ಇಡುವುದು ಗುರಿ. ತೀರಾ ವಯಸ್ಸಾದವರಿಗೆ, ನಿಂತರೆ ತಲೆ ಸುತ್ತುವವರಿಗೆ ಗುರಿಯನ್ನು ಡಾಕ್ಟರು ಬೇರೆ ಮಾಡುತ್ತಾರೆ.

ಮನೆಯಲ್ಲಿ ಚೆನ್ನಾಗಿದ್ದು ಕ್ಲಿನಿಕ್ಕಿನಲ್ಲಿ ಮಾತ್ರ ಏರುವವರಿದ್ದಾರೆ, ಅದು ಬಿಳಿಕೋಟಿನ ಭಯ. ಇದರ ತದ್ವಿರುದ್ಧದವರ ಬಗ್ಗೆ ನಮಗೆ ಹೆಚ್ಚು ಚಿಂತೆ: ಡಾಕ್ಟರ ಮುಂದೆ 128/80, ಮನೆಯಲ್ಲಿ ಸರಾಸರಿ 144/92. ಇವರ ಕೈಗೆ 'ನಾರ್ಮಲ್' ಎಂಬ ಚೀಟಿ ಸಿಗುತ್ತದೆ, ರಕ್ತನಾಳ ಮಾತ್ರ ದಿನವಿಡೀ ಏಟು ತಿನ್ನುತ್ತಿರುತ್ತದೆ. ಈ ಮರೆಮಾಚಿದ ಬಿಪಿ ಹಿಡಿಯಲು ಕ್ಲಿನಿಕ್ಕಿನ ಹೊರಗೆ ನೋಡದೆ ಬೇರೆ ದಾರಿಯಿಲ್ಲ.

ಹಿರಿಯರಿಗೂ ಸಕ್ಕರೆ ಕಾಯಿಲೆಯವರಿಗೂ ಇನ್ನೊಂದು ಅಳತೆ ಸೇರಿಸಿ. ಕೂತು ನೋಡಿದ ಮೇಲೆ ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ನೋಡಿ, ಯಾರಾದರೂ ಪಕ್ಕದಲ್ಲಿರಲಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬಚ್ಚಲಲ್ಲಿ, ರಾತ್ರಿ ಎದ್ದಾಗ ಬೀಳುವ ಅಪಾಯ ಇದೆ. ಮಾತ್ರೆಯ ಪ್ರಮಾಣವನ್ನು ಡಾಕ್ಟರು ಮತ್ತೆ ನೋಡಬೇಕು.

ಪರದೆಯ ಮೇಲೆ ಮಿಡಿತ ಏರುಪೇರಿನ ಗುರುತು ಒಮ್ಮೆ ಬಂದರೆ ಕೈ ಅಲುಗಿರಬಹುದು. ಪದೇ ಪದೇ ಬಂದರೆ ಇಸಿಜಿ ಮಾಡಿಸಿ. ಹೃದಯದ ಲಯ ತಪ್ಪುವ ಒಂದು ಕಾಯಿಲೆಯಿಂದ ಮೆದುಳಿಗೆ ಹೆಪ್ಪು ಹೋಗಿ ಲಕ್ವ ಹೊಡೆಯಬಹುದು. ಅದಕ್ಕೆ ಮದ್ದಿದೆ. ಅಂಥವರಲ್ಲಿ ಈ ಮಷೀನಿನ ಅಂಕಿಯೂ ಅಷ್ಟು ನಿಖರವಲ್ಲ, ಮೂರು ಸಲ ನೋಡಿ ಸರಾಸರಿ ತೆಗೆಯಬೇಕು.

ಗಾಳಿ ತುಂಬಿ ಇಳಿದು, ಮತ್ತೆ ತಾನೇ ತುಂಬುತ್ತಿದ್ದರೆ ಕಫ್ ಸಡಿಲವಾಗಿದೆ ಇಲ್ಲವೇ ಟ್ಯೂಬು ಸರಿಯಾಗಿ ಕೂತಿಲ್ಲ. ಎರಡೂ ಸರಿಯಿದ್ದರೆ ಬ್ಯಾಟರಿ ಬದಲಿಸಿ. ಕಫ್ಫಿನ ಒಳಗಿನ ಚೀಲ ಸೋರುತ್ತಿದ್ದರೆ ಅದೇ ಕಂಪನಿಯ ಅದೇ ಮಾಡೆಲಿನ ಕಫ್ಫನ್ನೇ ತನ್ನಿ. ಬೇರೆಯದು ಟ್ಯೂಬಿಗೆ ಹೊಂದಿಕೊಂಡರೂ ಲೆಕ್ಕ ತಪ್ಪುತ್ತದೆ. ವರ್ಷಕ್ಕೊಮ್ಮೆ ಮಷೀನನ್ನು ಕ್ಲಿನಿಕ್ಕಿಗೆ ಒಯ್ದು ಅದೇ ತೋಳಿಗೆ ಒಮ್ಮೆ ಅವರದು, ಒಮ್ಮೆ ನಿಮ್ಮದು ಕಟ್ಟಿ ನೋಡಿಸಿ. ವ್ಯತ್ಯಾಸ 5ರೊಳಗಿದ್ದರೆ ಚಿಂತೆಯಿಲ್ಲ. 10 ದಾಟಿದರೆ ಆ ಮಷೀನನ್ನು ಪಕ್ಕಕ್ಕಿಡಿ.

ತಡ ಮಾಡಬಾರದ ಹೊತ್ತು

ಮೇಲಿನದು 180 ಅಥವಾ ಕೆಳಗಿನದು 120 ದಾಟಿದರೆ ಮೊದಲು ಐದು ನಿಮಿಷ ಕೂತು ಮತ್ತೆ ನೋಡಿ. ಅಷ್ಟೇ ಇದ್ದು ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ಅದೇ ದಿನ ಡಾಕ್ಟರನ್ನು ಸಂಪರ್ಕಿಸಿ. ಪಕ್ಕದ ಮನೆಯವರ ಮಾತ್ರೆ ನುಂಗುವುದು, ನಿಮ್ಮದೇ ಮಾತ್ರೆ ಎರಡು ಹಾಕಿಕೊಳ್ಳುವುದು ಬೇಡ. ಬಿಪಿ ದಿಢೀರನೆ ಕುಸಿದರೆ ಮೆದುಳಿಗೆ ರಕ್ತ ಸಾಲದೆ ಅದೇ ಅಪಾಯವಾಗುತ್ತದೆ. ಗರ್ಭಿಣಿಯರ ಲೆಕ್ಕ ಬೇರೆ: 140/90 ಬಂದರೆ ಅಂದೇ ಡಾಕ್ಟರಿಗೆ ತಿಳಿಸಬೇಕು, 160/110 ಬಂದರೆ ತುರ್ತು.

ಬಿಪಿ ಎಷ್ಟೇ ಇರಲಿ, ಎದೆಯ ನಡುವೆ ಒತ್ತಿದಂಥ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹಬ್ಬುವ ನೋವು, ತಣ್ಣನೆ ಬೆವರು, ಉಸಿರು ಸಾಲದಿರುವುದು ಕಂಡರೆ 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಇದಕ್ಕೆ ಸಿಗುವ ಮೊದಲ ಹೆಸರು 'ಗ್ಯಾಸ್ಟ್ರಿಕ್'. ಸೋಡಾ ಕುಡಿದು, ಗ್ಯಾಸಿನ ಮಾತ್ರೆ ನುಂಗಿ, ಬೆಳಗಾಗಲಿ ಎಂದು ಮಲಗಿ ಹೃದಯದ ಸ್ನಾಯು ಕಳೆದುಕೊಂಡವರು ಎಷ್ಟೋ ಜನ. ಹೆಂಗಸರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಎದೆನೋವೇ ಇಲ್ಲದೆ ಬರೀ ಸುಸ್ತು, ಓಕರಿಕೆ, ಉಬ್ಬಸವಾಗಿ ಕಾಣಿಸಿಕೊಳ್ಳಬಹುದು. ಸ್ಕೂಟರ್ ಹತ್ತಿ ತಾವೇ ಆಸ್ಪತ್ರೆಗೆ ಹೊರಡಬಾರದು. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಲಕ್ವ. ಶುರುವಾದ ಗಂಟೆಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಸಮಯ ನಾಲ್ಕೂವರೆ ಗಂಟೆ. ಲಕ್ವದ ಅನುಮಾನ ಇದ್ದಾಗ ಮನೆಯಲ್ಲಿ ಆ್ಯಸ್ಪಿರಿನ್ ಕೊಡಬೇಡಿ. ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದು ಕೇಡು.

ಹಬ್ಬಕ್ಕೆ, ಜಾತ್ರೆಗೆ ಊರಿಗೆ ಹೋದಾಗ ಹೀಗಾದರೆ ಬೆಂಗಳೂರಿನ ಕಡೆ ಕಾರು ತಿರುಗಿಸಬೇಡಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹತ್ತಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಲಿ.

ಬಿಪಿಯಿಂದ ಹೃದಯದ ಲೆಕ್ಕಕ್ಕೆ

40ರಿಂದ 69 ವಯಸ್ಸಿನವರಲ್ಲಿ, 115/75ರಿಂದ ಮೇಲೆ, ಮೇಲಿನ ಅಂಕಿ 20 ಏರಿದಂತೆಲ್ಲ ಹೃದ್ರೋಗ ಮತ್ತು ಲಕ್ವದಿಂದ ಸಾಯುವ ಸಂಭವ ಎರಡು ಪಟ್ಟಾಗುತ್ತ ಹೋಗುತ್ತದೆ. 2002ರಲ್ಲಿ ಪ್ರಕಟವಾದ, ಸುಮಾರು ಹತ್ತು ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆ ಇದನ್ನು ತೋರಿಸಿತು. ಇಳಿಸಿದರೆ ಲಾಭವೂ ಹಾಗೇ: ಮೇಲಿನ ಅಂಕಿ 10 ಇಳಿದರೆ ದೊಡ್ಡ ಹೃದಯಾಘಾತ, ಲಕ್ವದಂಥ ಘಟನೆಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ.

ಆದರೂ ಒಂದೇ ಬಿಪಿ ಇರುವ ಇಬ್ಬರ ಅಪಾಯ ಒಂದೇ ಅಲ್ಲ. 138 ಇರುವ, ಬೀಡಿ ಸೇದುವ, ಸಕ್ಕರೆ ಕಾಯಿಲೆಯ 58ರ ಗಂಡಸಿಗೂ, 138 ಇರುವ, ಬೇರೇನೂ ಇಲ್ಲದ 42ರ ಹೆಂಗಸಿಗೂ ಬಹಳ ಅಂತರ. ಈ ಅಂತರವನ್ನು ಅಂಕಿಯಲ್ಲಿ ಹೇಳಲು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಬಣ್ಣದ ಚಾರ್ಟುಗಳಿವೆ. ನಮಗೆ ಬೇಕಾದ್ದು ದಕ್ಷಿಣ ಏಷ್ಯಾದ ಚಾರ್ಟು; ಬೇರೆ ಪ್ರದೇಶದ್ದನ್ನು ನೋಡಿದರೆ ಉತ್ತರ ತಪ್ಪುತ್ತದೆ.

ಚಾರ್ಟು ಓದುವುದು ಸುಲಭ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೋಡಿ ಆ ಭಾಗಕ್ಕೆ ಹೋಗಿ. ಗಂಡು–ಹೆಣ್ಣು, ಧೂಮಪಾನ ಇದೆ–ಇಲ್ಲ ಆರಿಸಿ. ಬಿಟ್ಟು ಒಂದು ವರ್ಷ ಆಗಿರದಿದ್ದರೆ ಸೇದುವವರ ಲೆಕ್ಕಕ್ಕೇ ಬರುತ್ತೀರಿ. 40ರಿಂದ 74ರವರೆಗೆ ಐದೈದು ವರ್ಷದ ಸಾಲುಗಳಿವೆ, ನಿಮ್ಮದು ಹುಡುಕಿ. ಅದರೊಳಗೆ ಬಿಪಿಯ ಮೇಲಿನ ಅಂಕಿಯ ಸಾಲು, ಒಟ್ಟು ಕೊಲೆಸ್ಟ್ರಾಲಿನ ಕಂಬ ಸೇರುವ ಚೌಕದಲ್ಲಿ ಒಂದು ಅಂಕಿ ಸಿಗುತ್ತದೆ. ನಮ್ಮ ಲ್ಯಾಬುಗಳು ಕೊಲೆಸ್ಟ್ರಾಲನ್ನು ಮಿಲಿಗ್ರಾಂನಲ್ಲಿ ಕೊಡುತ್ತವೆ, ಚಾರ್ಟಿನಲ್ಲಿರುವುದು ಮಿಲಿಮೋಲ್. ಲ್ಯಾಬಿನ ಅಂಕಿಯನ್ನು 38.7ರಿಂದ ಭಾಗಿಸಿ, 200 ಇದ್ದರೆ 5.2 ಆಗುತ್ತದೆ. ಚಾರ್ಟು ಕ್ಲಿನಿಕ್ಕಿನ ಬಿಪಿಯನ್ನು ಆಧರಿಸಿದ್ದು, ಹಾಗಾಗಿ ಮನೆಯ ಸರಾಸರಿ ಗಡಿಯ ಹತ್ತಿರ ಇದ್ದರೆ ಮೇಲಿನ ಸಾಲನ್ನೂ ನೋಡಿ. ರಕ್ತಪರೀಕ್ಷೆ ಇಲ್ಲದವರಿಗೆ ತೂಕ–ಎತ್ತರದಿಂದ ನೋಡುವ ಇನ್ನೊಂದು ಚಾರ್ಟು ಇದೆ.

ಚೌಕದಲ್ಲಿ 12 ಎಂದಿದ್ದರೆ, ನಿಮ್ಮಂಥ ನೂರು ಜನರಲ್ಲಿ ಹನ್ನೆರಡು ಮಂದಿಗೆ ಹತ್ತು ವರ್ಷದೊಳಗೆ ಹೃದಯಾಘಾತವೋ ಲಕ್ವವೋ ಆಗುತ್ತದೆ ಎಂದು ಅರ್ಥ. ಹಸಿರು 5ಕ್ಕಿಂತ ಕಡಿಮೆ, ಹಳದಿ 5–9, ಕಿತ್ತಳೆ 10–19, ಕೆಂಪು 20ರಿಂದ ಮೇಲೆ.

ಚಾರ್ಟು ನೋಡದ ವಿಷಯಗಳೂ ಇವೆ, ನಮ್ಮವರಿಗೆ ಅವು ಮುಖ್ಯ. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮುಂಚೆ, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮುಂಚೆ ಹೃದಯಾಘಾತವಾಗಿದ್ದರೆ ನಿಮ್ಮ ಅಪಾಯ ಚಾರ್ಟಿನ ಅಂಕಿಗಿಂತ ಹೆಚ್ಚು. ಎಲೆ ಅಡಿಕೆ ಜೊತೆ ಹಾಕುವ ಹೊಗೆಸೊಪ್ಪು, ಗುಟ್ಕಾ ಚಾರ್ಟಿನ ಕಣ್ಣಿಗೆ ಬೀಳುವುದಿಲ್ಲ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ, ತೂಕ ಸರಿಯಾಗಿದ್ದಂತೆ ಕಂಡರೂ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದೆ. ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆಗೆ ಹೋದಾಗ 'ಎಲ್‌ಪಿ ಸ್ಮಾಲ್ ಎ' ಎಂಬುದನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿ. ಇದು ಹುಟ್ಟಿನಿಂದ ಬರುವ ಕೊಬ್ಬಿನ ಕಣ, ಊಟ ಬದಲಿಸಿದರೆ ಹೆಚ್ಚೇನೂ ಬದಲಾಗುವುದಿಲ್ಲ. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಉಳಿದ ಅಂಕಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು.

ಚಾರ್ಟು 40ರಿಂದ ಶುರುವಾಗುತ್ತದೆ. 34ರ ವಯಸ್ಸಿನ, ಹಗಲಿರುಳು ಕೂತು ಕೆಲಸ ಮಾಡುವ, ಬಿಪಿ 138 ಇರುವ ಐಟಿ ನೌಕರನಿಗೆ 'ನಿನ್ನ ವಯಸ್ಸು ಚಿಕ್ಕದು' ಎನ್ನುವುದು ಸಮಾಧಾನವಾಗಬಾರದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮುಂಚೆಯೇ, 53ರ ಆಸುಪಾಸಿನಲ್ಲಿ ಬಂದಿತ್ತು. ತಂಬಾಕು, ಬಿಪಿ, ಸಕ್ಕರೆ, ಕೊಬ್ಬು, ಹೊಟ್ಟೆ ಬೊಜ್ಜು ಸೇರಿ ಒಂಬತ್ತು ಕಾರಣಗಳು ಬಹುಪಾಲು ಹೃದಯಾಘಾತಗಳ ಹಿಂದೆ ಇದ್ದವು. ಇವೆಲ್ಲ ಅಳೆಯಬಹುದಾದ, ಬದಲಿಸಬಹುದಾದ ಕಾರಣಗಳು.

ಈಗಾಗಲೇ ಹೃದಯಾಘಾತವೋ ಲಕ್ವವೋ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಮೂತ್ರಪಿಂಡದ ಕಾಯಿಲೆಯವರು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 190 ದಾಟಿದವರು ಚಾರ್ಟು ನೋಡಬೇಕಿಲ್ಲ. ಅವರು ಹೆಚ್ಚು ಅಪಾಯದವರೇ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ಎಲ್‌ಡಿಎಲ್ ಗುರಿಯನ್ನು ಸಾಮಾನ್ಯರಿಗೆ 100ರ ಕೆಳಗೆ, ಹೆಚ್ಚು ಅಪಾಯದವರಿಗೆ 70ರ ಕೆಳಗೆ, ಅತಿ ಹೆಚ್ಚು ಅಪಾಯದವರಿಗೆ 55ರ ಕೆಳಗೆ ಇಟ್ಟಿದೆ. ಲ್ಯಾಬಿನ ಹಾಳೆಯಲ್ಲಿ 'ನಾರ್ಮಲ್ 130ರವರೆಗೆ' ಎಂದು ಅಚ್ಚಾಗಿದ್ದರೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ನಂಬಿ ಮಾತ್ರೆ ಬಿಡಬಾರದು.

ಉಪ್ಪು, ಔಷಧ, ಡಾಕ್ಟರ ಭೇಟಿ

ಉಪ್ಪಿನ ಲೆಕ್ಕವನ್ನು ಪ್ಯಾಕೆಟ್ಟಿನಿಂದಲೇ ಮಾಡಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸ ಒಂದು ಟೀ ಚಮಚ ಮಿತಿ. ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕೆ.ಜಿ. ಪ್ಯಾಕೆಟ್ ತಿಂಗಳಿಗೆ ಖಾಲಿಯಾಗುತ್ತಿದ್ದರೆ ತಲಾ 8 ಗ್ರಾಂ ದಾಟಿದೆ, ದರ್ಶಿನಿಯ ಸಾಂಬಾರು, ಬೇಕರಿಯ ಖಾರಾ ಬನ್ನು, ಅಂಗಡಿಯ ಹಪ್ಪಳ ಉಪ್ಪಿನಕಾಯಿ ಬಿಟ್ಟು. ಅನ್ನ ಮಾಡುವಾಗ, ಚಪಾತಿ ಹಿಟ್ಟಿಗೆ, ಮಜ್ಜಿಗೆಗೆ ಹಾಕುವ ಉಪ್ಪು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ಸಾರಿನ ರುಚಿಗೆ ಕೈ ಹಾಕುವುದು ಆಮೇಲೆ. ಪೊಟ್ಯಾಸಿಯಂ ಬೆರೆತ ಕಡಿಮೆ ಸೋಡಿಯಂ ಉಪ್ಪು ಬಿಪಿ ಇಳಿಸುತ್ತದೆ, ಆದರೆ ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಯವರು ಡಾಕ್ಟರನ್ನು ಕೇಳದೆ ಬಳಸಬಾರದು.

ಬಿಪಿ ಏಕೋ ಇಳಿಯುತ್ತಿಲ್ಲ ಎನ್ನುವವರು ಮನೆಯ ಔಷಧದ ಡಬ್ಬ ತೆರೆದು ನೋಡಬೇಕು. ಮಂಡಿನೋವಿಗೆ ದಿನಾ ನುಂಗುವ ಡಿಕ್ಲೋಫೆನಾಕ್, ಐಬುಪ್ರೊಫೆನ್, ಮೂಗು ಕಟ್ಟಿದಾಗಿನ ಶೀತದ ಮಾತ್ರೆ, ಸ್ಟೀರಾಯ್ಡ್, ಕೆಮ್ಮಿಗೆಂದು ದಿನವೂ ಅಗಿಯುವ ಜೇಷ್ಠಮಧು ಎಲ್ಲವೂ ಬಿಪಿ ಏರಿಸಬಲ್ಲವು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತು ಬೆಚ್ಚಿ ಏಳುವವರಿದ್ದರೆ ಅದನ್ನೂ ಹೇಳಿ; ಆ ನಿದ್ದೆಯ ಕಾಯಿಲೆ ಬಿಪಿಯನ್ನು ಹಿಡಿದಿಟ್ಟಿರುತ್ತದೆ.

'ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲ' ಎಂಬ ಭಯಕ್ಕೆ ಮಾತ್ರೆ ಮುಂದೂಡುವವರಿದ್ದಾರೆ. ಬಿಪಿ ಇದ್ದೇ ಇರುವುದರಿಂದ ಮಾತ್ರೆ ಮುಂದುವರಿಯುತ್ತದೆ, ಅದು ಚಟವಲ್ಲ. ತೂಕ, ಉಪ್ಪು ಇಳಿದು ಸರಾಸರಿ ತಗ್ಗಿದರೆ ಡಾಕ್ಟರು ಪ್ರಮಾಣ ಕಡಿಮೆ ಮಾಡುತ್ತಾರೆ. ಆಮ್ಲೋಡಿಪಿನ್‌ನಿಂದ ಪಾದ ಊದಿಕೊಂಡರೆ, ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದರೆ ಬದಲಿ ಮಾತ್ರೆಗಳಿವೆ. ತಾವೇ ನಿಲ್ಲಿಸದೆ ಹೇಳಿ ಬದಲಿಸಿಕೊಳ್ಳಿ. ಇವುಗಳ ಜೆನೆರಿಕ್ ಜನೌಷಧಿ ಕೇಂದ್ರಗಳಲ್ಲಿ ಅಗ್ಗವಾಗಿ ಸಿಗುತ್ತವೆ. ಬಡಾವಣೆಯಲ್ಲಿರುವ ಸರ್ಕಾರದ ನಮ್ಮ ಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ ಉಚಿತವಾಗಿ ನೋಡುತ್ತಾರೆ.

ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರೆ ಎಂದಿನಂತೆ ತೆಗೆದುಕೊಂಡೇ ಹೋಗಿ. 'ಮಾತ್ರೆ ಇಲ್ಲದೆ ಎಷ್ಟಿದೆ ತೋರಿಸೋಣ' ಎಂದು ಬಿಟ್ಟು ಹೋದರೆ, ಏರಿದ ಅಂಕಿ ನೋಡಿ ಪ್ರಮಾಣ ಹೆಚ್ಚಿಸಿ ಬರೆದುಕೊಡುತ್ತಾರೆ. ಏಳು ದಿನದ ಪುಟ, ಅದರ ಸರಾಸರಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಲಿಪಿಡ್, ಸಕ್ಕರೆಯ ಮೂರು ತಿಂಗಳ ಸರಾಸರಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ವರದಿ ಕೈಯಲ್ಲಿರಲಿ. ಮಾತ್ರೆ ಬದಲಾದರೆ ನಾಲ್ಕು ವಾರ ಬಿಟ್ಟು ಮತ್ತೆ ಏಳು ದಿನ ನೋಡಿ. ಹತೋಟಿಗೆ ಬಂದ ಮೇಲೆ ದಿನವೂ ಕಟ್ಟಿಕೊಂಡು ಕೂರಬೇಕಿಲ್ಲ. ವಾರಕ್ಕೆ ಒಂದೆರಡು ದಿನ ನೋಡಿ, ಮುಂದಿನ ಭೇಟಿಗೆ ಮುಂಚಿನ ವಾರ ಪೂರ್ತಿ ಏಳು ದಿನ ಬರೆಯಿರಿ.